ತ್ರಿಕೋನವಿಲ್ಲದ ಶಾಂಪೂ

ತಾವರೆಕೊಪ್ಪಲಿನಲ್ಲಿ ಪೇಪರ್ ಓದುವವರಿದ್ದರು, ಪಂಚಾಂಗ ಓದುವವರಿದ್ದರು, ಎದುರಿಗಿದ್ದವರ ಮುಖ ನೋಡಿ ಮನಸ್ಸು ಓದುತ್ತೇವೆಂದು ಹೇಳಿಕೊಂಡು ತಿರುಗುವವರೂ ಇದ್ದರು. ಆದರೆ ಲೇಬಲ್ ಓದುವವನು ಒಬ್ಬನೇ ಒಬ್ಬ. ಬೆಟ್ಟದಪುರದ ಬೆಟ್ಟ ಕಣ್ಣೆದುರಿಗೇ ಕಾಣುವ ಆ ಊರಿನಲ್ಲಿ ಯಾರೇ ಹೊಗೆಸೊಪ್ಪಿಗೆ ಔಷಧಿ ತಂದರೂ, ಮುಚ್ಚಳ ಬಿಚ್ಚುವ ಮೊದಲು ವಿರೂಪಾಕ್ಷನ ಜಗಲಿಗೆ ತಂದು ತೋರಿಸಬೇಕು ಎಂಬುದು ವಿರೂಪಾಕ್ಷನ ಆಸೆ. ತೋರಿಸುವವರು ಕಡಿಮೆ. ಹಾಗಾಗಿ ಅವನೇ ಅವರವರ ಮನೆಗೆ ಹೋಗಿ ಓದಿ ಬರುತ್ತಿದ್ದ.

ಈ ವಿದ್ಯೆ ಅವನಿಗೆ ಹುಟ್ಟಿನಿಂದ ಬಂದದ್ದೇನಲ್ಲ. ಹುಣಸೂರಿನಲ್ಲಿ ಒಮ್ಮೆ ರೈತರಿಗೆ ಕೀಟನಾಶಕದ ಸುರಕ್ಷಿತ ಬಳಕೆ ಅಂತ ಒಂದು ತರಬೇತಿ ನಡೆಯಿತು. ಊರಿನಿಂದ ಹೋದವರೆಲ್ಲ ಊಟ ಮುಗಿಸಿ ಬಸ್ಸು ಹತ್ತಿದರು; ವಿರೂಪಾಕ್ಷ ಮಾತ್ರ ಕೂತ. ಔಷಧಿ ಡಬ್ಬಿಯ ಮೇಲೆ ಬಣ್ಣದ ಒಂದು ತ್ರಿಕೋನ ಇರುತ್ತದೆ, ಕೆಂಪಾದರೆ ಕಡುವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಇನ್ನೂ ಕೆಳಗೆ, ಹಸಿರಾದರೆ ಕೊಂಚ ವಾಸಿ ಎಂದು ಅಲ್ಲಿ ಹೇಳಿಕೊಟ್ಟರು. ಇಷ್ಟು ಗೊತ್ತಾದ ಮೇಲೆ ಲೋಕದಲ್ಲಿ ತಿಳಿಯಬೇಕಾದ್ದು ಇನ್ನೇನೂ ಉಳಿದಿಲ್ಲ ಎನ್ನಿಸಿ ಅವನು ಅಲ್ಲಿ ಕೊಟ್ಟ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ. ತೀರಿಹೋದ ಅಪ್ಪನ ಫೋಟೊವನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕಾಯಿತು, ಅಷ್ಟೆ.

ಇಂಥವನ ಹೆಂಡತಿ ಭಾವನಾಗೆ ಈಗ ಏಳನೇ ತಿಂಗಳು. ಹೋದ ವರ್ಷದ ಬಸಿರು ಮೂರನೇ ತಿಂಗಳಿಗೇ ಕೈತಪ್ಪಿ ಹೋಗಿತ್ತು. ಆಗ ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ನಿಂತು ವಿರೂಪಾಕ್ಷ ಚಿಕ್ಕ ಮಗುವಿನ ಹಾಗೆ ಅತ್ತಿದ್ದ. ಈ ಸಲ ಹಾಗಾಗಬಾರದು, ಆಗಲು ತಾನು ಬಿಡಬಾರದು ಎಂದು ಅವನ ಜೀವ ಹೊಡೆದುಕೊಳ್ಳುತ್ತಿತ್ತು. ಅವಳು ಮೆಟ್ಟಿಲಿಳಿದರೆ ಕೈ ಹಿಡಿಯಲು ಗದ್ದೆ ಬಿಟ್ಟು ಓಡಿಬರುತ್ತಿದ್ದ. ಅವಳು ಸೀನಿದರೆ ಮನೆಯ ಫ್ಯಾನುಗಳೆಲ್ಲ ಆರಿಹೋಗುತ್ತಿದ್ದವು. ಊರಿನವರಿಗೂ ಅವನ ಸಂಕಟ ಗೊತ್ತಿತ್ತು, ಆದ್ದರಿಂದ ನಗುವುದನ್ನು ಸ್ವಲ್ಪ ಹಿಡಿದೇ ಇಟ್ಟುಕೊಂಡಿದ್ದರು.

ಸೀಮಂತಕ್ಕೆ ಎರಡು ವಾರವಿದೆ ಎನ್ನುವಾಗ ವಿರೂಪಾಕ್ಷನ ಫೋನಿಗೆ ಒಂದು ವಿಡಿಯೊ ಬಂತು. "ಗರ್ಭಿಣಿಯರೇ ಎಚ್ಚರ! ನೀವು ತಲೆಗೆ ಹಾಕುತ್ತಿರುವುದು ಏನು ಗೊತ್ತೇ?" ಎಂದು ಒಬ್ಬಾಕೆ ಕಣ್ಣರಳಿಸಿ ಕೇಳಿದಳು. ಏನು ಎಂದು ಅವಳು ಹೇಳುವಷ್ಟರಲ್ಲಿ ಡೇಟಾ ಮುಗಿದುಹೋಯಿತು. ಬಾಕಿಯದನ್ನು ವಿರೂಪಾಕ್ಷನ ಹೆದರಿಕೆಯೇ ಪೂರೈಸಿತು. ನೇರವಾಗಿ ಬಚ್ಚಲಿಗೆ ನುಗ್ಗಿ ಭಾವನಾಳ ಶಾಂಪೂ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ. ಹಿಂದೆ ತಿರುಗಿಸಿದ, ಮುಂದೆ ತಿರುಗಿಸಿದ, ತಳ ನೋಡಿದ.

"ಭಾವನಾ, ಇದ್ರಲ್ಲಿ ತ್ರಿಕೋನ ಎಲ್ಲೇ?"

"ಯಾವ ತ್ರಿಕೋನ?"

"ಬಣ್ಣದ್ದು ಕಣೇ. ಕೆಂಪೋ ಹಳದೀನೋ ಏನಾರ ಒಂದು ಇರ್ಬೇಕಲ್ಲ?"

"ಅದು ಶಾಂಪೂ ಕಣ್ರೀ. ಹೊಗೆಸೊಪ್ಪಿನ ಔಷಧಿ ಅಲ್ಲ."

"ಅದೇ ನಾನೂ ಹೇಳ್ತಿರೋದು. ವಿಷ ಮಾರೋರೇ ಧೈರ್ಯವಾಗಿ ತ್ರಿಕೋನ ಹಾಕ್ಕಂಡು ಮಾರ್ತಾವ್ರೆ. ಇವ್ರು ಹಾಕಿಲ್ಲ ಅಂದ್ರೆ ಏನೋ ಮುಚ್ಚಿಡ್ತಾವ್ರೆ ಅಂತ್ಲೇ ಲೆಕ್ಕ."

ಈ ತರ್ಕಕ್ಕೆ ಉತ್ತರ ಕೊಡಲು ಭಾವನಾ ಕೆ.ಆರ್. ನಗರದ ಕಾಲೇಜಿನಲ್ಲಿ ಕಲಿತದ್ದು ಸಾಲಲಿಲ್ಲ. ಅಷ್ಟರಲ್ಲಿ ಅವನು ಪಕ್ಕದಲ್ಲಿದ್ದ ಕಂಡಿಷನರ್ ಬಾಟಲಿಗೂ ಕೈ ಹಾಕಿದ್ದ. ಅದರ ಮೇಲೆ ಚೌಕದೊಳಗೆ ಕಂದು ಬಣ್ಣದ ಚುಕ್ಕೆಯೊಂದಿತ್ತು. ಇದು ತರಬೇತಿಯಲ್ಲಿ ಹೇಳಿಕೊಟ್ಟ ಬಣ್ಣವಲ್ಲ, ಆಕಾರವೂ ಅಲ್ಲ. ಗಲಾಟೆ ಕೇಳಿ ಬಂದ ಅವನ ತಾಯಿ ಪುಟ್ಟಮಲ್ಲಮ್ಮನಿಗೆ ಮಾತ್ರ ಆ ಚುಕ್ಕೆಯ ಪರಿಚಯವಿತ್ತು. ರಜೆಗೆ ಬರುವ ಮಗಳ ಮಕ್ಕಳ ಕೇಕು, ಬಿಸ್ಕತ್ತಿನ ಪೊಟ್ಟಣಗಳ ಮೇಲೆ ಅದನ್ನು ಹುಡುಕಿಯೇ ಅವರು ಮನೆಯ ಮಡಿ ಕಾಪಾಡಿಕೊಂಡು ಬಂದಿದ್ದರು.

"ಶಿವಶಿವಾ! ಮೊಟ್ಟೆ ಮಾಂಸದ್ದು ಕಣ್ಲಾ ಅದು! ಇದ್ನ ತಲೆಗೆ ಹಾಕ್ಕಂಡು ಬಂದು ಲಿಂಗದ ಮುಂದೆ ಕೂತಿದ್ಯೇನವ್ವಾ?"

"ಅತ್ತೆ, ಹಚ್ಚಿದ್ದು ತಲೆಗೆ. ತಿಂದಿಲ್ಲ."

"ತಲೆ ಇರೋದು ಬಾಯಿ ಮೇಲೇ ಅಲ್ವಾ?" ಎಂದರು ಪುಟ್ಟಮಲ್ಲಮ್ಮ. ಅದೂ ಸುಳ್ಳಾಗಿರಲಿಲ್ಲ.

ಎರಡೂ ಬಾಟಲಿಗಳು ಜಪ್ತಿಯಾದವು. ಅಪಾಯಕಾರಿ ವಸ್ತುಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು ಎಂಬ ನಿಯಮದಂತೆ ವಿರೂಪಾಕ್ಷ ಅವುಗಳನ್ನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಒಯ್ದು, ಕೀಟನಾಶಕದ ಡಬ್ಬಿಗಳ ನಡುವೆ ಇಟ್ಟು ಬೀಗ ಹಾಕಿದ. ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಸೊಸೆಯ ಮುಖ ನೋಡಲಾಗದೆ ಪುಟ್ಟಮಲ್ಲಮ್ಮ ಡಬ್ಬಿಯಿಂದ ಸೀಗೆಪುಡಿ ತೆಗೆದರು. "ಇರ್ಲಿ ಬುಡವ್ವ, ನಾನೇ ಕುಟ್ಟಿರೋದು. ಬಾ, ಉಜ್ತೀನಿ."

ವಿರೂಪಾಕ್ಷ ಅಡ್ಡ ನಿಂತ. "ಅವ್ವಾ, ಇದ್ರಲ್ಲಿ ಲೇಬಲ್ಲೇ ಇಲ್ಲ! ತ್ರಿಕೋನ ಇಲ್ದಿದ್ದೇ ಡೇಂಜರ್ ಅಂದ್ರೆ ಲೇಬಲ್ಲೇ ಇಲ್ದಿದ್ದು ಇನ್ನೆಂಗಿರ್ಬೇಡ?"

"ಅಯ್ಯೋ ನಿನ್ ಮನೆ ಕಾಯ್ವಾಗ! ನೀನು ಒಟ್ಟೇಲಿದ್ದಾಗ ನಾನು ತಲೆ ಉಜ್ಕಂಡಿದ್ದು ಇದ್ರಲ್ಲೇ ಕಣ್ಲಾ."

"ಅದಕ್ಕೇ ಇವ್ರು ಹಿಂಗಾಗಿರೋದು. ಬೇಡ ಬಿಡಿ ಅತ್ತೆ, ನಂಗೂ ಈಗ ಭಯ ಆಗ್ತಿದೆ" ಎಂದಳು ಭಾವನಾ.

ಏಪ್ರಿಲ್ ತಿಂಗಳ ಬಿಸಿಲು. ಭಾವನಾಳದ್ದು ಸೊಂಟ ದಾಟಿ ಇಳಿಯುವ ಕೂದಲು; ತವರು ಹೊಸ ಅಗ್ರಹಾರದಲ್ಲಿ ಅದಕ್ಕೆ ಅವಳಿಗಿಂತ ಹೆಚ್ಚು ಹೆಸರಿತ್ತು. ಅದು ನಾಲ್ಕೇ ದಿನಕ್ಕೆ ಬೆವರಿಗೆ ಅಂಟಿ, ನೆತ್ತಿ ತುರಿಸಲು ಶುರುವಾಯಿತು. ಸೀಮಂತದ ದಿನ ಮೊಗ್ಗಿನ ಜಡೆ ಹಾಕಬೇಕು, ಎರಡೂ ಕಡೆಯ ಹೆಂಗಸರು ಬಂದು ನೋಡಬೇಕು. ಗಂಡ ಸೂಚಿಸಿದಂತೆ ಬರೀ ನೀರಿನಲ್ಲಿ ತೊಳೆದದ್ದಕ್ಕೆ ಜಿಡ್ಡು ಇನ್ನಷ್ಟು ಗಟ್ಟಿಯಾಗಿ ಕೂತಿತು. ಒಂದು ದಿನ ಅವಳು ಬಾಚಣಿಗೆಯನ್ನು ಗೋಡೆಗೆ ಎಸೆದು ಹೇಳಿದಳು:

"ಈ ಶನಿವಾರದೊಳಗೆ ನನ್ ತಲೆ ಸ್ನಾನ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಅಮ್ಮನ ಜೊತೆ ಹೊರಟೋಗ್ತೀನಿ. ಸೀಮಂತಾನೂ ಅಲ್ಲೇ, ಬಾಣಂತನಾನೂ ಅಲ್ಲೇ. ಮಗು ನಡಿಯೋಕೆ ಕಲ್ತ ಮೇಲೆ ಅದೇ ಬಂದು ನಿಮ್ಮನ್ನ ಮಾತಾಡಿಸ್ಕಂಡು ಹೋಗ್ತದೆ."

ವಿರೂಪಾಕ್ಷನಿಗೆ ಗೊತ್ತು, ಹೆಂಡತಿ ಬರೀ ಮಾತಿಗೆ ಹೇಳುವವಳಲ್ಲ. ಅವಳಾಗಲೇ ಬ್ಯಾಗಿಗೆ ಸೀರೆ ಹಾಕುತ್ತಿದ್ದಳು. ಇತ್ತ ಮಗು, ಅತ್ತ ಹೆಂಡತಿ. ಎರಡರಲ್ಲಿ ಯಾವುದನ್ನೂ ಕಳೆದುಕೊಳ್ಳಲು ಅವನು ತಯಾರಿರಲಿಲ್ಲ. ಬಲ್ಲವರನ್ನು ಕೇಳುವುದೊಂದೇ ದಾರಿ ಎಂದು ಅವನು ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಬೈಕು ಹತ್ತಿದ.

ಬಲ್ಲವರೆಂದರೆ ಯಾರು? ಬೇರೆ ಯಾರಾದರೂ ಆಸ್ಪತ್ರೆಯ ಕಡೆ ಹೋಗುತ್ತಿದ್ದರು. ವಿರೂಪಾಕ್ಷ ಬೆಟ್ಟದಪುರದ ಧರ್ಮೇಂದ್ರನ ಗೊಬ್ಬರದ ಅಂಗಡಿಗೆ ಹೋದ. ಬಿಳಿನೊಣ ಬಂದಾಗ, ಸಸಿ ಕೊಳೆತಾಗ, ಬೇರಿಗೆ ಗಂಟು ಬಿದ್ದಾಗ ಕೈ ಹಿಡಿದವನು ಧರ್ಮೇಂದ್ರನೇ ತಾನೇ?

"ಏನ್ ವಿರೂಪಾಕ್ಷಣ್ಣ, ಬೆಳಬೆಳಿಗ್ಗೇನೇ? ಸಸಿಗೆ ಏನ್ ಬಂತು?"

"ಸಸಿಗಲ್ಲ ಕಣೋ, ಹೆಂಡ್ತಿಗೆ."

"ಹೆಂಡ್ತಿಗೆ ಏನ್ ಬಂತು?"

"ಏನೂ ಬಂದಿಲ್ಲ. ಬರ್ದೇ ಇರ್ಲಿ ಅಂತ ಕೇಳೋಕೆ ಬಂದೆ" ಎಂದು ವಿರೂಪಾಕ್ಷ ಬಾಟಲಿಗಳನ್ನು ಕೌಂಟರಿನ ಮೇಲಿಟ್ಟ.

ಧರ್ಮೇಂದ್ರ ಅಂಗಡಿ ತೆರೆದಾಗಿನಿಂದ "ನಂಗೊತ್ತಿಲ್ಲ" ಎಂಬ ಮಾತನ್ನು ಯಾವ ಗಿರಾಕಿಗೂ ಹೇಳಿದವನಲ್ಲ. ಕನ್ನಡಕ ಏರಿಸಿ ಗಂಭೀರವಾಗಿ ನೋಡಿದ. "ಡೋಸ್ ಎಷ್ಟು ಅಂತ ಬರ್ದಿಲ್ವಲ್ಲ. ಒಂದು ಟ್ಯಾಂಕಿಗೆ ಎಷ್ಟು ಹಾಕಿ ಹೊಡೀತಾರೆ?"

"ಹೊಡೆಯೋದಲ್ಲಪ್ಪ, ಉಜ್ಜೋದು."

"ಓಹೋ, ನೇರವಾಗೇ? ನೀರು ಬೆರೆಸ್ದೆ?" ಧರ್ಮೇಂದ್ರನ ಹುಬ್ಬು ಮೇಲೇರಿತು. ಕಂಡಿಷನರಿನ ಹಿಂಭಾಗದ ಸಣ್ಣಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ. "ಸಿಟೈಲ್ ಆಲ್ಕೋಹಾಲ್... ಸ್ಟಿಯರೈಲ್ ಆಲ್ಕೋಹಾಲ್... ಅಣ್ಣ, ಹೊಗೆಸೊಪ್ಪಿನ ತುದಿ ಮುರಿದ ಮೇಲೆ ಕಂಕುಳಲ್ಲಿ ಚಿಗುರು ಒಡೀದೇ ಇರ್ಲಿ ಅಂತ ಒಂದು ಎಣ್ಣೆ ಹುಯ್ತೀವಲ್ಲ, ಅದ್ರ ಡಬ್ಬಿ ಮೇಲೂ ಹಿಂಗೇ ಏನೋ ಆಲ್ಕೋಹಾಲ್ ಅಂತ್ಲೇ ಇರ್ತದೆ ನೋಡು."

ಚಿಗುರನ್ನು ಸುಡುವ ಎಣ್ಣೆ! ವಿರೂಪಾಕ್ಷ ಅಲ್ಲೇ ಯೂರಿಯಾ ಮೂಟೆಯ ಮೇಲೆ ಕುಸಿದು ಕೂತ. ಗೊಬ್ಬರಕ್ಕೆ ಬಂದಿದ್ದ ಮುದುಕರೊಬ್ಬರು "ಹೆಂಡಾನ ಕುಡಿಯೋದು ನೋಡಿದ್ದೆ, ತಲೆಗೆ ಹಚ್ಚೋ ಕಾಲಾನೂ ಬಂತಾ?" ಎಂದು ಮರುಗಿದರು.

"ಗಾಬರಿ ಬೀಳ್ಬೇಡ" ಎಂದ ಧರ್ಮೇಂದ್ರ. "ಹೊಸ ಔಷಧಿ ಬಂದ್ರೆ ನಾವೇನ್ ಮಾಡ್ತೀವಿ? ಹೊಲಕ್ಕೆಲ್ಲ ಹೊಡ್ಯಕ್ಕೆ ಮುಂಚೆ ನಾಲ್ಕು ಗಿಡಕ್ಕೆ ಹೊಡ್ದು ನೋಡ್ತೀವಿ. ಅಂಗೇ ಮಾಡು."

ಎಂಥ ಮಾತು! ಇಷ್ಟು ಸುಲಭದ್ದು ತನಗೇ ಹೊಳೆಯಲಿಲ್ಲವಲ್ಲ ಎಂದು ವಿರೂಪಾಕ್ಷ ಹಣೆ ಚಚ್ಚಿಕೊಂಡು ಊರಿಗೆ ಹಾರಿಬಂದ. ಮನೆಯ ಹಿಂದಿನ ಸಸಿಮಡಿಯಲ್ಲಿ ಹೊಗೆಸೊಪ್ಪಿನ ಎಳೆಸಸಿಗಳು ಟ್ರೇ ಟ್ರೇಗಳಲ್ಲಿ ಅಂಗೈಯಷ್ಟು ಎಲೆ ಬಿಟ್ಟು ನಿಂತಿದ್ದವು. ಎಳೆಸಸಿಗೆ ಆಗದ್ದು ಎಳೆಮಗುವಿಗೂ ಆಗದು ಎಂಬುದು ಅವನ ಸಿದ್ಧಾಂತ. ಒಂದು ಟ್ರೇಗೆ ಶಾಂಪೂ, ಒಂದಕ್ಕೆ ಕಂಡಿಷನರ್, ಒಂದಕ್ಕೆ ಅವ್ವನ ಸೀಗೆ, ಒಂದಕ್ಕೆ ದಾಸವಾಳದ ಸೊಪ್ಪಿನ ಲೋಳೆ, ಒಂದಕ್ಕೆ ಹರಳೆಣ್ಣೆ. ತಲೆಗೆ ನೀರು ಬೆರೆಸದೆ ಹಾಕುತ್ತಾರಾದ್ದರಿಂದ ಇಲ್ಲೂ ಬೆರೆಸಲಿಲ್ಲ. ಧಾರಾಳವಾಗಿ ಸುರಿದು, ನ್ಯಾಯವಾಗಿರಲಿ ಎಂದು ಬೆರಳಿನಿಂದ ಸ್ವಲ್ಪ ಉಜ್ಜಿದ. ಪ್ರಯೋಗ ಎಂದಮೇಲೆ ಹೋಲಿಕೆಗೆ ಒಂದಿರಬೇಕಲ್ಲ, ಒಂದು ಟ್ರೇಗೆ ಬರೀ ನೀರು ಹಾಕಿ ಕೈ ತೊಳೆದುಕೊಂಡ.

ಮಾರನೆಯ ಬೆಳಿಗ್ಗೆ ನೀರಿನ ಟ್ರೇ ಬಿಟ್ಟು ಉಳಿದದ್ದೆಲ್ಲ ಶಿವನ ಪಾದ ಸೇರಿತ್ತು. ಶಾಂಪೂವಿನ ಸಸಿಗಳು ಬೋರಲು ಬಿದ್ದಿದ್ದವು. ಸೀಗೆಯವು ಕಪ್ಪಾಗಿದ್ದವು. ಹರಳೆಣ್ಣೆಯವು ಮಿರಮಿರ ಮಿಂಚುತ್ತಾ ಸತ್ತಿದ್ದವು. ವಿರೂಪಾಕ್ಷ ತಲೆಯ ಮೇಲೆ ಕೈಹೊತ್ತು ಕೂತ. ಈ ಲೋಕದಲ್ಲಿ ಹೆಂಗಸರ ತಲೆಗೆ ಹಾಕಬಹುದಾದದ್ದು ಒಂದೂ ಇಲ್ಲ, ಮನುಷ್ಯಕುಲ ಇಲ್ಲಿಯವರೆಗೆ ಉಳಿದು ಬಂದದ್ದೇ ಆಶ್ಚರ್ಯ.

ಅವನು ಹಾಗೆ ಕೂತದ್ದನ್ನು ಬೇಲಿಯಾಚೆಯಿಂದ ಚಲುವಯ್ಯ ನೋಡಿದ. ಪಕ್ಕದ ಹೊಲದವನು, ಒಳ್ಳೆಯವನೇ, ಆದರೆ ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಅಜೀರ್ಣವಾಗುತ್ತಿತ್ತು. ಸಾಲು ಸಾಲು ಸತ್ತ ಸಸಿ, ತಲೆಯ ಮೇಲೆ ಕೈಹೊತ್ತ ರೈತ. ಇನ್ನೇನು ಬೇಕು?

"ಅಯ್ಯಯ್ಯಪ್ಪೋ! ವಿರೂಪಾಕ್ಷನ ಮಡಿಗೆ ರೋಗ ಬಂದದೆ ಕಣ್ರಪ್ಪೋ! ರಾತ್ರಿ ಬೆಳಗಾಗದ್ರಲ್ಲಿ ಸಫಾಯಿ!"

ಆ ಕೂಗು ಊರಿನ ಕೊನೆ ಮನೆ ತಲುಪುವಷ್ಟರಲ್ಲಿ ರೋಗಕ್ಕೆ ಕೇರಳದಿಂದ ಬಂದದ್ದು ಎಂಬ ಮೂಲವೂ, ಗಾಳಿಯಲ್ಲಿ ಹರಡುತ್ತದೆ ಎಂಬ ಗುಣವೂ ಸೇರಿಕೊಂಡವು. ಕೆಲವರು ತಮ್ಮ ಮಡಿಗಳಿಗೆ ಸೀರೆ ಹೊದಿಸಿದರು. ಮತ್ತೊಬ್ಬರು ವಿರೂಪಾಕ್ಷನ ಮನೆಯ ದಿಕ್ಕಿಗೆ ಕರ್ಪೂರ ಹಚ್ಚಿದರು. ಯಾರೋ ಫೋನ್ ಮಾಡಿ ಹೊಗೆಸೊಪ್ಪಿನ ಬೆಳೆ ನೋಡಲು ಬರುವ ಅಧಿಕಾರಿ ಶರತ್ ಅವರನ್ನೂ ಕರೆಸಿದರು. ಮಧ್ಯಾಹ್ನದ ಹೊತ್ತಿಗೆ ಜೀಪು ಬಂತು, ಜೀಪಿನ ಹಿಂದೆ ಊರು ಬಂತು.

ಶರತ್ ಚಿಕ್ಕ ವಯಸ್ಸಿನವರು, ಕೆಲಸದಲ್ಲಿ ಶ್ರದ್ಧೆಯುಳ್ಳವರು. ಮಂಡಿಯೂರಿ ಕೂತು ಸಸಿ ಕಿತ್ತು ನೋಡಿದರು. ಬೇರು ಚೆನ್ನಾಗಿದೆ. ಕಾಂಡ ಸೀಳಿದರು. ಅದೂ ಚೆನ್ನಾಗಿದೆ. ಮೂಗಿನ ಹತ್ತಿರ ಹಿಡಿದರು. ಮತ್ತೆ ಹಿಡಿದರು.

"ಇದೇನ್ರೀ ಇದು ರೋಗ? ಮಲ್ಲಿಗೆ ವಾಸನೆ ಬರ್ತಿದೆ?"

ಜನ ಒಂದು ಹೆಜ್ಜೆ ಹಿಂದೆ ಸರಿದರು. ಸಾಯಿಸುವ ಮೊದಲು ಘಮಘಮಿಸುವ ರೋಗವನ್ನು ತಾವರೆಕೊಪ್ಪಲು ಕೇಳಿರಲಿಲ್ಲ.

ನಿಜ ಹೇಳಲು ವಿರೂಪಾಕ್ಷನಿಗೆ ಅದೇ ಸಮಯ. ಆದರೆ ಇಡೀ ಊರು ಎದುರಿಗೆ ನಿಂತಿದೆ, ಸರ್ಟಿಫಿಕೇಟು ಗೋಡೆಯ ಮೇಲಿದೆ. ಅವನು ಗಂಟಲು ಸರಿಮಾಡಿಕೊಂಡ. "ರೋಗ ಅಲ್ಲ ಸಾರ್. ಒಂದು... ಟ್ರಯಲ್ ಮಾಡ್ತಿದ್ದೆ."

"ಟ್ರಯಲ್ಲಾ? ಯಾವ ಔಷಧೀದು? ಯಾರ ಪರ್ಮಿಷನ್ ತಗೊಂಡ್ರಿ? ಎಲ್ಲಿ ಡಬ್ಬಿ, ತೋರ್ಸಿ ನೋಡೋಣ."

"ಅದು ಸಾರ್... ಇನ್ನೂ ಮಾರ್ಕೆಟಲ್ಲಿ..."

"ಎಲ್ಲಾ ಅಂಗಡೀಲೂ ಸಿಗುತ್ತೆ ಸಾರ್!" ಎಂದಿತು ಹಿಂದಿನಿಂದ ಒಂದು ದನಿ. ಭಾವನಾ ಹಿತ್ತಲ ಬಾಗಿಲಿನಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ತಲೆಯ ಮೇಲೆ ಜಿಡ್ಡುಗಟ್ಟಿದ ಕೂದಲಿನ ಗಂಟು, ಕಣ್ಣಲ್ಲಿ ಕೆಂಡ. "ಅದು ನನ್ ಶಾಂಪೂ. ಹೆಂಡ್ತಿ ತಲೆಗೆ ಹಾಕ್ಬೇಡ ಅಂತ ಬೀಗ ಹಾಕಿ, ಹೊಗೆಸೊಪ್ಪಿಗೆ ಎಣ್ಣೆಸ್ನಾನ ಮಾಡ್ಸವ್ರೆ. ಸೋಮವಾರ ಸೀಮಂತ ಇರೋದು ನಂಗೋ ಅವುಕ್ಕೋ ಗೊತ್ತಿಲ್ಲ!"

ಅಲ್ಲಿಯವರೆಗೆ ಹಿಡಿದಿಟ್ಟುಕೊಂಡಿದ್ದ ನಗುವನ್ನೆಲ್ಲ ಊರು ಒಂದೇ ಸಲ ಬಿಟ್ಟುಬಿಟ್ಟಿತು. ಚಲುವಯ್ಯ ಬೇಲಿಗಂಬ ಹಿಡಿದುಕೊಂಡು ನಕ್ಕ, ಕಂಬ ಮುರಿಯಿತು. ಶರತ್ ಅವರು ಸರ್ಕಾರಿ ಮುಖವನ್ನು ಎಷ್ಟು ಕಾಪಾಡಿಕೊಂಡರೂ ತುಟಿ ಮಾತು ಕೇಳಲಿಲ್ಲ. "ವಿರೂಪಾಕ್ಷ ಅವ್ರೇ, ಹೊಗೆಸೊಪ್ಪಿಗೆ ಏನಾದ್ರೂ ಬಂದ್ರೆ ನನ್ನ ಕೇಳಿ. ಮನೆಯವ್ರದ್ದು ಡಾಕ್ಟರನ್ನ ಕೇಳಿ. ಎರಡನ್ನೂ ಒಂದೇ ಮಡೀಲಿ ಹಾಕ್ಬೇಡಿ" ಎಂದು ಜೀಪು ಹತ್ತಿದರು.

ನಗು ನಿಂತ ಮೇಲೆ ಭಾವನಾ ಒಳಗೆ ಹೋಗಿ ತಾಯಿಗೆ ಫೋನ್ ಮಾಡಿದಳು. ಅದು ವಿರೂಪಾಕ್ಷನಿಗೆ ನಗುವಿಗಿಂತ ಹೆದರಿಕೆ ತಂದಿತು. ಶನಿವಾರ ಬೆಳಿಗ್ಗೆ ಅವಳ ತಾಯಿ ಉಷಾರಾಣಿ ಹೊಸ ಅಗ್ರಹಾರದಿಂದ ಕಾರು ಮಾಡಿಕೊಂಡು ಬಂದಿಳಿದರು. ಬ್ಯಾಗು ಆಗಲೇ ಜಗಲಿಯ ಮೇಲಿತ್ತು. ವಿರೂಪಾಕ್ಷ ಸಸಿಮಡಿಗೆ ಔಷಧಿ ಹೊಡೆಯುತ್ತಿದ್ದವನು ಸ್ಪ್ರೇಯರ್ ಕೆಳಗಿಟ್ಟು, ಅದೇ ಬಟ್ಟೆಯಲ್ಲಿ ಓಡಿಬಂದು ಕಾರಿನ ಬಾಗಿಲಿಗೆ ಅಡ್ಡ ನಿಂತ.

"ಅತ್ತೆ, ನಿಮ್ ಕಾಲಿಗೆ ಬೀಳ್ತೀನಿ. ಒಂದೇ ಒಂದ್ಸಲ ಪಿರಿಯಾಪಟ್ಟಣದ ಡಾಕ್ಟ್ರಮ್ಮನ ಹತ್ರ ಹೋಗಿ ಬರೋಣ. ಅವ್ರು ಏನ್ ಹೇಳಿದ್ರೂ ಸೈ. ಬೆಟ್ಟದ ಮಲ್ಲಪ್ಪನಾಣೆ."

"ಕೇಳೋಣ ಬಿಡಿ. ಕೆ.ಆರ್. ನಗರದ ಪಾರ್ಲರಲ್ಲಿ ಇವಳಿಗೆ ಕೂದಲು ನೇರ ಮಾಡ್ಸೋಕೆ ಹೇಳಿದ್ದೀನಿ. ಅದನ್ನೂ ಕೇಳ್ದಂಗಾಗುತ್ತೆ" ಎಂದರು ಉಷಾರಾಣಿ.

ಹೀಗೆ ಒಂದು ಕಾರಿನಲ್ಲಿ ಕೋಪಗೊಂಡ ಬಸುರಿ, ಇಬ್ಬರು ಬೀಗಿತ್ತಿಯರು, ಶಾಂಪೂ, ಕಂಡಿಷನರ್, ಬಟ್ಟೆಗಂಟಿನಲ್ಲಿ ಸೀಗೆಪುಡಿ ಮತ್ತು ಹರಳೆಣ್ಣೆ ಸೀಸೆ ಹೊರಟವು. ಆರೋಪಿ ಮುಂದಿನ ಸೀಟಿನಲ್ಲಿ ಕೂತ.

ಡಾಕ್ಟರ್ ಅನುಶ್ರೀ ಅವರ ಮೇಜಿನ ಮೇಲೆ ಎಲ್ಲವೂ ಸಾಲಾಗಿ ನಿಂತವು. ಬಾಗಿಲಿನ ಪರದೆಯಾಚೆ ಸರದಿಯಲ್ಲಿದ್ದ ಹೆಂಗಸರೆಲ್ಲ ಕುರ್ಚಿಗಳನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡರು. ವಿರೂಪಾಕ್ಷ ಎದ್ದು ನಿಂತು ತ್ರಿಕೋನದಿಂದ ಹಿಡಿದು ಆಲ್ಕೋಹಾಲಿನವರೆಗೆ ವಿವರವಾಗಿ ವರದಿ ಒಪ್ಪಿಸಿದ. ಡಾಕ್ಟರು ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕೇಳಿದರು.

"ಶಾಂಪೂ ಹಾಕ್ಕೊಳ್ಳಮ್ಮ, ಏನೂ ಆಗಲ್ಲ. ತಲೆಗೆ ಹಾಕಿ ತೊಳೆದುಬಿಡೋದು ಅದು" ಎಂದರು. "ಕಂಡಿಷನರಲ್ಲಿರೋ ಆಲ್ಕೋಹಾಲ್ ಮೇಣದ ಥರದ್ದು, ಕೂದಲು ನುಣುಪಾಗಲಿ ಅಂತ ಹಾಕಿರ್ತಾರೆ. ಅದೂ ಪರವಾಗಿಲ್ಲ. ವಾಸನೆಗೆ ವಾಂತಿ ಬಂದ್ರೆ ವಾಸನೆ ಕಡಿಮೆ ಇರೋದು ತಗೊಳ್ಳಿ, ಅಷ್ಟೆ."

"ನನ್ ಸೀಗೆ?" ಎಂದರು ಪುಟ್ಟಮಲ್ಲಮ್ಮ.

"ಸೀಗೆ ಇನ್ನೇನ್ ಮಾಡುತ್ತಮ್ಮ? ಕಣ್ಣಿಗೆ ಬೀಳ್ದಂಗೆ ನೋಡ್ಕೊಳ್ಳಿ."

ಪುಟ್ಟಮಲ್ಲಮ್ಮ ಮಗನ ಕಡೆ ಒಂದು ನೋಟ ಎಸೆದರು. ಉಷಾರಾಣಿ ಪಾರ್ಲರಿನ ವಿಷಯ ಎತ್ತಿದರು.

"ಅದು ಮಾತ್ರ ಬೇಡ. ನೇರ ಮಾಡೋ ಕೆಮಿಕಲ್ಲಿಂದ ಬರೋ ಹೊಗೆ ಒಳ್ಳೇದಲ್ಲ. ಕೂದಲಿಗೆ ಬಣ್ಣ ಹಾಕೋದಿದ್ರೂ ಹೆರಿಗೆ ಆಗ್ಲಿ, ಅರ್ಜೆಂಟ್ ಏನಿದೆ?" ಎಂದ ಡಾಕ್ಟರು ಉಷಾರಾಣಿಯವರ ಮುಖ ಬಾಡುವುದನ್ನು ನೋಡಿ ನಕ್ಕರು. "ಇಷ್ಟು ಚೆಂದ ಇರೋ ಕೂದಲನ್ನ ಯಾಕ್ರೀ ನೇರ ಮಾಡ್ತೀರ?"

ವಿರೂಪಾಕ್ಷನಿಗೆ ಸಮಾಧಾನವೂ ಆಯಿತು, ಒಂದು ಬಿಂದುವಿನಷ್ಟು ಹೆಮ್ಮೆಯೂ ಬಂತು. ಪಾರ್ಲರಿನ ಕೆಮಿಕಲ್ ತಪ್ಪಿತಲ್ಲ, ತಾನು ಗಲಾಟೆ ಮಾಡಿದ್ದಕ್ಕೇ ತಾನೇ? ಅವನು ಇನ್ನೂ ಹತ್ತಿರ ಬಂದು "ಅಂದ್ರೆ ಡಾಕ್ಟ್ರೇ, ಒಟ್ಟಾರೆ ನನ್ ಅನುಮಾನ ಸರಿನೇ..." ಎಂದು ಶುರುಮಾಡಿದ.

ಡಾಕ್ಟರು ಮೂಗಿಗೆ ಕೈ ಅಡ್ಡ ಹಿಡಿದರು. ಒಂದೊಂದೇ ಬಾಟಲಿ ಎತ್ತಿ ಮೂಸಿದರು. ಸೀಗೆ ಗಂಟು ಮೂಸಿದರು. ಆಮೇಲೆ ನಿಧಾನವಾಗಿ ವಿರೂಪಾಕ್ಷನ ಅಂಗಿಯ ಕಡೆ ತಿರುಗಿದರು.

"ಇದು ನಿಮ್ಮಿಂದ ಬರ್ತಿರೋ ವಾಸನೆ. ಏನ್ ಹೊಡೆದು ಬಂದಿದ್ದೀರಿ ಇವತ್ತು?"

"ಸಸಿಗೆ ಡಾಕ್ಟ್ರೇ... ಹುಳದ ಔಷಧಿ."

"ಇದೇ ಬಟ್ಟೇಲಿ ಇವರ ಪಕ್ಕ ಕೂತ್ಕೊಂಡು ಬಂದ್ರಾ?"

"ಮುಂದ್ಗಡೆ ಸೀಟಲ್ಲಿ..."

"ದಿನಾ ಔಷಧಿ ಹೊಡೆದ ಬಟ್ಟೆ ಎಲ್ಲಿ ಹಾಕ್ತೀರಿ?"

ವಿರೂಪಾಕ್ಷ ಹೆಂಡತಿಯ ಕಡೆ ತಿರುಗಿದ. ಭಾವನಾ ಮೆಲ್ಲಗೆ ಹೇಳಿದಳು: "ಎಲ್ಲ ಬಟ್ಟೆ ಜೊತೇಲೇ ಬಚ್ಚಲಲ್ಲಿ ಬಿದ್ದಿರ್ತದೆ ಮೇಡಂ. ನಾನೇ ಒಗಿಯೋದು."

"ಸಿಗರೇಟು?"

"ಬೆಳಿಯೋದಷ್ಟೇ ಡಾಕ್ಟ್ರೇ. ಸೇದಲ್ಲ" ಎಂದ ವಿರೂಪಾಕ್ಷ.

"ಒಂದು ಒಳ್ಳೇ ಕೆಲಸ ಮಾಡಿದ್ದೀರಿ. ಈಗ ಕೇಳಿ. ಮನೇಲಿ ಇವರು ಹುಷಾರಾಗಿರಬೇಕಾದ್ದು ಈ ಬಾಟಲಿಗಳಿಂದ ಅಲ್ಲ, ನಿಮ್ಮ ಅಂಗಿಯಿಂದ. ಔಷಧಿ ಹೊಡೆದ ಬಟ್ಟೆ ಒಳಗೆ ತರಬಾರದು. ಬೇರೆ ಒಗೀಬೇಕು, ಒಗೆಯೋರು ನೀವೇ ಆಗ್ಬೇಕು. ಮೈ ತೊಳ್ಕೊಂಡೇ ಮನೆ ಒಳಗೆ ಬರ್ಬೇಕು. ಹಸಿ ಹೊಗೆಸೊಪ್ಪು ಮುಟ್ಟಿದ ಕೈಯನ್ನ ಸೋಪು ಹಾಕಿ ತೊಳೀದೆ ಇವರನ್ನ ಮುಟ್ಟಬಾರದು. ಬಟ್ಟೆ ಬೇರೆ ಒಗೀಬೇಕು ಅಂತ ಔಷಧಿ ಡಬ್ಬಿ ಮೇಲೇ ಬರೆದಿರುತ್ತಲ್ಲ, ನೋಡಿಲ್ವಾ?"

ನೋಡಿದ್ದ. ನೂರು ಸಲ ಓದಿದ್ದ, ಊರಿಗೆಲ್ಲ ಓದಿ ಹೇಳಿದ್ದ. ಬಣ್ಣ ನೋಡುವ ಸಂಭ್ರಮದಲ್ಲಿ ಅದು ತನಗೂ ಹೇಳಿದ ಮಾತು ಎಂದು ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. "ಹಂಗಾದ್ರೆ ಡಾಕ್ಟ್ರೇ, ಹೋದ ವರ್ಷದ್ದೂ... ನನ್ನಿಂದ್ಲೇ..." ಎಂದ. ಪರದೆಯಾಚೆ ಕಿಸಿಕಿಸಿ ನಗುತ್ತಿದ್ದವರು ಕುರ್ಚಿಗಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

ಡಾಕ್ಟರ ದನಿ ಇಳಿಯಿತು. "ಹಂಗೆಲ್ಲ ಅಂದ್ಕೋಬೇಡಿ. ಎಷ್ಟೋ ಜನಕ್ಕೆ ಮೊದಲ ತಿಂಗಳುಗಳಲ್ಲಿ ಹಂಗಾಗುತ್ತೆ, ಯಾರ ತಪ್ಪೂ ಇರಲ್ಲ. ಇದರಿಂದ್ಲೇ ಅಂತ ಯಾರೂ ಹೇಳಕ್ಕಾಗಲ್ಲ. ಈ ಮಗು ಚೆನ್ನಾಗಿ ಬೆಳೀತಿದೆ. ಇದನ್ನ ನೋಡ್ಕೊಳ್ಳಿ."

ವಾಪಸು ಬರುವಾಗ ಉಷಾರಾಣಿ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿದರು. ವಿರೂಪಾಕ್ಷ ತಾನಾಗಿಯೇ ಕಾರು ಹತ್ತದೆ ಆಮೇಲಿನ ಬಸ್ಸಿಗೆ ಬಂದ. ಅವನು ಊರು ಸೇರುವಷ್ಟರಲ್ಲಿ ಪುಟ್ಟಮಲ್ಲಮ್ಮ ಹಂಡೆ ಕಾಯಿಸಿ, ಬೀಗಿತ್ತಿಯರಿಬ್ಬರೂ ಸೇರಿ ಭಾವನಾಳ ತಲೆ ತೊಳೆದು ಮುಗಿಸಿದ್ದರು. ನೆತ್ತಿಗೆ ಸೀಗೆಯೋ ಶಾಂಪೂವೋ ಎಂಬ ವಿಷಯದಲ್ಲಿ ಅವರಿಬ್ಬರಿಗೂ ಸಣ್ಣ ಜಗಳವಾಗಿ, ಕೊನೆಗೆ ಎರಡನ್ನೂ ಹಾಕಿದರಂತೆ. ಭಾವನಾ ಜಗಲಿಯ ಮೇಲೆ ಕೂತು ಕೂದಲು ಹರವಿಕೊಂಡು ಬಿಸಿಲಿಗೆ ಒಣಗಿಸುತ್ತಿದ್ದಳು. ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು. ಬ್ಯಾಗು ಇನ್ನೂ ಅಲ್ಲೇ ಇತ್ತು.

ವಿರೂಪಾಕ್ಷ ಜಗಲಿ ಹತ್ತಲಿಲ್ಲ. ನೇರ ಪಂಪ್‌ಸೆಟ್ಟಿನ ತೊಟ್ಟಿಗೆ ಹೋಗಿ, ಅಂಗಿ ಪಂಚೆ ಕಳಚಿ, ಕಲ್ಲಿನ ಮೇಲೆ ಬಡಿಯತೊಡಗಿದ. ಆ ಊರಿನಲ್ಲಿ ಗಂಡಸು ಬಟ್ಟೆ ಒಗೆಯುವುದು ಗ್ರಹಣದಷ್ಟೇ ಅಪರೂಪ. ಬೇಲಿಯಾಚೆ ಚಲುವಯ್ಯ ಪ್ರತ್ಯಕ್ಷನಾದ.

"ಏನ್ಲಾ ಇರೂಪಾಕ್ಸ, ಇವತ್ತು ಯಾವ್ದುರ ಮ್ಯಾಲೆ ಟ್ರಯಲ್ಲು?"

"ನನ್ ಮೇಲೇ ಕಣೋ. ಓಗು, ನೀನೂ ನಿನ್ ಅಂಗಿ ತಂದು ಒಗ್ಕೊ. ಮನೇಲಿ ಸೊಸೆ ಇಲ್ವಾ ನಿಂಗೆ?"

ದನಿಯಲ್ಲಿದ್ದದ್ದು ತಮಾಷೆಯಲ್ಲ ಎಂದು ಗೊತ್ತಾಗಿ ಚಲುವಯ್ಯ ತನ್ನ ಅಂಗಿಯನ್ನು ತಾನೇ ಒಮ್ಮೆ ಮೂಸಿ ನೋಡಿಕೊಂಡು ಮನೆ ಕಡೆ ಹೊರಟ.

ಮೈ ಕೆಂಪಾಗುವಂತೆ ಉಜ್ಜಿಕೊಂಡು, ಒಗೆದಿಟ್ಟಿದ್ದ ಬೇರೆ ಪಂಚೆ ಉಟ್ಟು ವಿರೂಪಾಕ್ಷ ಜಗಲಿಯ ಮುಂದೆ ಬಂದು ನಿಂತ. ಭಾವನಾ ಎದ್ದುಬಂದು ಅವನ ತಲೆ ಮೂಸಿದಳು, ಭುಜ ಮೂಸಿದಳು, ಅಂಗೈ ತಿರುಗಿಸಿ ಮೂಸಿದಳು.

"ಕೈಯಲ್ಲಿ ಇನ್ನೂ ಇದೆ. ಇನ್ನೊಂದ್ಸಲ ತೊಳ್ಕೊಂಡು ಬನ್ನಿ."

ತಾವರೆಕೊಪ್ಪಲಿನ ಲೇಬಲ್ ಪಂಡಿತ ತಿರುಗಿ ತೊಟ್ಟಿಗೆ ಹೋದ. ಹಿಂದಿನಿಂದ ಅವಳು ತಾಯಿಗೆ ಹೇಳುವುದು ಕೇಳಿಸಿತು: "ಅಮ್ಮ, ಆ ಬ್ಯಾಗ್ ಒಳಗಿಟ್ಬಿಡು. ಸೋಮವಾರ ಇಲ್ಲೇ ಆಗ್ಲಿ." ವಿರೂಪಾಕ್ಷನ ಕಣ್ಣಿಗೆ ಸೋಪು ಹೋಯಿತೋ ಏನೋ, ಸ್ವಲ್ಪ ಹೊತ್ತು ಒರೆಸಿಕೊಳ್ಳುತ್ತಾ ನಿಂತಿದ್ದ.

ಎರಡನೇ ಸಲ ಬಂದಾಗ ಅವಳು ಅವನ ಎರಡೂ ಕೈಗಳನ್ನು ಮೂಸಿ ನೋಡಿ, ಹೂಂ ಎಂದು, ಒಂದನ್ನು ಎತ್ತಿ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಂಗೈ ಇಟ್ಟದ್ದೇ ತಡ, ಒಳಗಿನಿಂದ ಒಂದು ಒದೆ ಬಿತ್ತು. ವಿರೂಪಾಕ್ಷ ಬೆಚ್ಚಿದ.

"ಸರ್ಯಾಗೇ ಒದ್ದದೆ ಬುಡು" ಎಂದರು ಪುಟ್ಟಮಲ್ಲಮ್ಮ ಒಳಗಿನಿಂದಲೇ. "ನಾನು ಒದೀಬೇಕಾಗಿತ್ತು, ಅದೇ ಒದೀತು."

ವಿರೂಪಾಕ್ಷ ಕೈ ತೆಗೆಯಲಿಲ್ಲ.